ದೂರದ ಫೈಲ್ ತಿದ್ದುವಾಗ ಹಂಚಿಕೆಯ ಎಸ್‌ಎಸ್‌ಎಚ್ ಸಂಪರ್ಕ ಕೈಕೊಟ್ಟರೆ: ಒಂದು ಸಮಗ್ರ ಮಾರ್ಗದರ್ಶಿ

ಪುಣೆಯ ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆಯ ಕಚೇರಿಗಳಲ್ಲಿ ಕೆಲಸ ಮಾಡುವ ಕನ್ನಡಿಗರಲ್ಲಿ ಬಹಳ ಮಂದಿ ಸರ್ವರಿನಲ್ಲಿರುವ ಫೈಲನ್ನು ತಮ್ಮ ಲ್ಯಾಪ್‌ಟಾಪಿನ ಈಮ್ಯಾಕ್ಸ್, ವಿಮ್ ಅಥವಾ ವಿಎಸ್ ಕೋಡ್ ಎಡಿಟರಿನಲ್ಲೇ ತೆರೆದು, ತಿದ್ದಿ, ಅಲ್ಲಿಂದಲೇ ಉಳಿಸುತ್ತಾರೆ. ಈ ಕೆಲಸ ಸಲೀಸಾಗಲೆಂದು ಪ್ರತಿ ಸಲ ಹೊಸ ಎಸ್‌ಎಸ್‌ಎಚ್ ಸಂಪರ್ಕ (ದೂರದ ಯಂತ್ರದೊಳಗೆ ಸುರಕ್ಷಿತವಾಗಿ ಪ್ರವೇಶಿಸುವ ಸಂಪರ್ಕ) ಮಾಡದೆ, ಒಮ್ಮೆ ಮಾಡಿದ ಸಂಪರ್ಕವನ್ನೇ ಟರ್ಮಿನಲ್, ಎಡಿಟರ್, ಗಿಟ್ ಎಲ್ಲವೂ ಹಂಚಿಕೊಳ್ಳುವಂತೆ ಹೊಂದಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಆದರೆ ಹಂಚಿಕೆಯ ಸಂಪರ್ಕ ಕೆಟ್ಟಾಗ ಕೆಟ್ಟದ್ದು ಯಾವುದು ಎಂಬುದು ಕಣ್ಣಿಗೆ ಬೀಳುವುದಿಲ್ಲ. ಉಳಿಸಲು ಹೋದ ಫೈಲ್ ಉಳಿಯುವುದಿಲ್ಲ, ಎಡಿಟರ್ ಅಲುಗಾಡುವುದಿಲ್ಲ, ದೋಷಸಂದೇಶವೂ ಬರುವುದಿಲ್ಲ. ಆಗ ಹೆಚ್ಚಿನವರು ಎಡಿಟರನ್ನೇ ದೂರಿ ಅದರ ಸೆಟ್ಟಿಂಗುಗಳನ್ನು ಕೆದಕಲು ತೊಡಗುತ್ತಾರೆ. ಹುಡುಕಾಟ ತಳದಿಂದ ಮೇಲಕ್ಕೆ ಹೋಗಬೇಕು, ಎಡಿಟರನ್ನು ಕೊನೆಯಲ್ಲಿ ಮುಟ್ಟಬೇಕು ಎಂಬುದು ಈ ಮಾರ್ಗದರ್ಶಿಯ ಹುರುಳು.

ಇಲ್ಲಿ ಆಜ್ಞೆಗಳನ್ನೂ ಆಯ್ಕೆಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಾದಲ್ಲಿ ಅದನ್ನು ಹೇಳಿದೆ. ಉದಾಹರಣೆಯ ಸರ್ವರನ್ನು ಪುಣೆಯ ಬಳಿಯ ಕೋಟೆಯ ಹೆಸರಿನಿಂದ ಸಿಂಹಗಡ ಎಂದೇ ಕರೆಯುತ್ತೇನೆ.

ಒಳಗೆ ನಡೆಯುವುದೇನು

ಎಸ್‌ಎಸ್‌ಎಚ್‌ನ ಹೆಚ್ಚು ಬಳಕೆಯ ತಂತ್ರಾಂಶವಾದ ಓಪನ್ಎಸ್‌ಎಸ್‌ಎಚ್‌ನಲ್ಲಿ ಈ ಸೌಲಭ್ಯ 2004ರ 3.9ನೇ ಆವೃತ್ತಿಯಲ್ಲಿ ಬಂತು. ಮೊದಲು ಸಂಪರ್ಕ ಸಾಧಿಸಿದ ಎಸ್‌ಎಸ್‌ಎಚ್ ಪ್ರೊಸೆಸ್ ಮಾಸ್ಟರ್ ಆಗುತ್ತದೆ. ಅದು ನಿಮ್ಮ ಯಂತ್ರದಲ್ಲಿ ಒಂದು ಸಾಕೆಟ್ ಫೈಲನ್ನು, ಅಂದರೆ ಪ್ರೊಸೆಸ್‌ಗಳು ಪರಸ್ಪರ ಮಾತನಾಡುವ ದ್ವಾರವನ್ನು, ಇಡುತ್ತದೆ. ನಂತರ ಅದೇ ಸರ್ವರಿಗೆ ಹೋಗಬೇಕಾದ ಪ್ರತಿ ಎಸ್‌ಎಸ್‌ಎಚ್ ಆಜ್ಞೆಯೂ ಆ ಸಾಕೆಟ್ಟನ್ನು ಹುಡುಕಿ, ಮಾಸ್ಟರಿಗೆ ಮನವಿ ಸಲ್ಲಿಸಿ, ಈಗಾಗಲೇ ಇರುವ ಟಿಸಿಪಿ (ನೆಟ್‌ವರ್ಕ್) ಸಂಪರ್ಕದೊಳಗೆ ತನ್ನದೊಂದು ಸೆಷನ್ ತೆರೆಯುತ್ತದೆ. ಪಾಸ್‌ವರ್ಡ್, ಕೀ, ಓಟಿಪಿ ಇವುಗಳ ಪರಿಶೀಲನೆ ಮಾಸ್ಟರಿನ ಹೊತ್ತಿಗೇ ಮುಗಿದಿರುವುದರಿಂದ ಮತ್ತೆ ನಡೆಯುವುದಿಲ್ಲ. ಓಟಿಪಿ ಕಡ್ಡಾಯವಾಗಿರುವ ಕಡೆ, ಅಂದರೆ ಬ್ಯಾಂಕಿಂಗ್ ಸಂಸ್ಥೆಗಳ ಸರ್ವರುಗಳಲ್ಲಿ ಅಥವಾ ಸೂಪರ್‌ಕಂಪ್ಯೂಟರುಗಳ ಲಾಗಿನ್ ನೋಡುಗಳಲ್ಲಿ, ಪ್ರತಿ ಸಲ ಉಳಿಸುವಾಗಲೂ ಮೊಬೈಲ್ ನೋಡಿಕೊಂಡು ಕೂರುವುದನ್ನು ತಪ್ಪಿಸುವ ಉಪಾಯವೇ ಇದು.

ಹೀಗಾಗಿ ಇಲ್ಲಿ ಮೂರು ಪದರಗಳಿವೆ. ತಳದಲ್ಲಿ ನೆಟ್‌ವರ್ಕ್ ಮತ್ತು ಸರ್ವರ್, ನಡುವೆ ನಿಮ್ಮ ಯಂತ್ರದಲ್ಲಿರುವ ಮಾಸ್ಟರ್ ಮತ್ತು ಸಾಕೆಟ್, ಮೇಲೆ ಎಡಿಟರ್. ನಡುವಿನ ಪದರ ಜೀವಂತವಾಗಿದ್ದ ಮಾತ್ರಕ್ಕೆ ತಳದ ಪದರವೂ ಜೀವಂತವಾಗಿದೆ ಎಂದು ಹೇಳಲಾಗದು. ಗೊಂದಲದ ಮೂಲವೆಲ್ಲ ಇಲ್ಲಿದೆ.

ಹೊಂದಾಣಿಕೆಯ ಫೈಲ್

ನಿಮ್ಮ ಹೋಮ್ ಡೈರೆಕ್ಟರಿಯ ಚುಕ್ಕಿ-ಎಸ್‌ಎಸ್‌ಎಚ್ ಎಂಬ ಅಡಗಿದ ಡೈರೆಕ್ಟರಿಯಲ್ಲಿರುವ ಕಾನ್ಫಿಗ್ ಫೈಲಿನಲ್ಲಿ ಮೂರು ಸಾಲುಗಳು ಬೇಕು. ಕಂಟ್ರೋಲ್‌ಮಾಸ್ಟರ್ ಎಂಬುದಕ್ಕೆ ಆಟೋ ಎಂಬ ಮೌಲ್ಯ ಕೊಡಿ. ಸಾಕೆಟ್ ಇದ್ದರೆ ಬಳಸು, ಇಲ್ಲದಿದ್ದರೆ ನೀನೇ ಮಾಸ್ಟರ್ ಆಗು ಎಂಬುದು ಅದರ ಅರ್ಥ. ಕಂಟ್ರೋಲ್‌ಪಾತ್ ಸಾಕೆಟ್ ಎಲ್ಲಿರಬೇಕೆಂದು ಹೇಳುತ್ತದೆ. ಕಂಟ್ರೋಲ್‌ಪರ್ಸಿಸ್ಟ್, 2010ರ 5.6ನೇ ಆವೃತ್ತಿಯಲ್ಲಿ ಸೇರಿದ್ದು, ಕೊನೆಯ ಸೆಷನ್ ಮುಚ್ಚಿದ ಮೇಲೂ ಮಾಸ್ಟರ್ ಎಷ್ಟು ಹೊತ್ತು ಹಿನ್ನೆಲೆಯಲ್ಲಿ ಉಳಿಯಬೇಕೆಂದು ತಿಳಿಸುತ್ತದೆ. ಹತ್ತು ನಿಮಿಷ ಸಾಕು ಎಂಬುದು ನನ್ನ ಅಭಿಪ್ರಾಯ. ಇಡೀ ದಿನ ಇಡುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಕಂಟ್ರೋಲ್‌ಪರ್ಸಿಸ್ಟ್ ಇಡದಿದ್ದರೆ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಮೊದಲು ತೆರೆದ ಟರ್ಮಿನಲ್ಲೇ ಮಾಸ್ಟರ್ ಆಗಿರುತ್ತದೆ. ಅದರಲ್ಲಿ ಎಕ್ಸಿಟ್ ಎಂದು ಟೈಪ್ ಮಾಡಿದರೆ, ಎಡಿಟರ್ ಇನ್ನೂ ಅದೇ ಸಂಪರ್ಕ ಬಳಸುತ್ತಿರುವುದರಿಂದ ಟರ್ಮಿನಲ್ ಮುಚ್ಚದೆ ಕಾಯುತ್ತದೆ. ಕಾದು ಬೇಸತ್ತವರು ಕಂಟ್ರೋಲ್-ಸಿ ಒತ್ತುತ್ತಾರೆ. ಆ ಕ್ಷಣಕ್ಕೆ ಎಡಿಟರಿನ ಸಂಪರ್ಕವೂ ಕಡಿದುಹೋಗುತ್ತದೆ.

ಈ ಫೈಲನ್ನು ಎಸ್‌ಎಸ್‌ಎಚ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಬಹುತೇಕ ಆಯ್ಕೆಗಳಿಗೆ ಮೊದಲು ಸಿಕ್ಕಿದ ಮೌಲ್ಯವೇ ಅಂತಿಮ. ಆದ್ದರಿಂದ ಸಿಂಹಗಡದಂತಹ ನಿರ್ದಿಷ್ಟ ಹೋಸ್ಟ್ ವಿಭಾಗಗಳು ಮೇಲಿರಬೇಕು, ಎಲ್ಲ ಹೋಸ್ಟುಗಳಿಗೂ ಅನ್ವಯಿಸುವ ನಕ್ಷತ್ರಚಿಹ್ನೆಯ ವಿಭಾಗ ಕೊನೆಯಲ್ಲಿರಬೇಕು. ಕೊನೆಗೆ ಏನು ಜಾರಿಯಲ್ಲಿದೆ ಎಂದು ಊಹಿಸುವ ಬದಲು, ಎಸ್‌ಎಸ್‌ಎಚ್‌ಗೆ ಹೈಫನ್ ಮತ್ತು ದೊಡ್ಡಕ್ಷರದ ಜಿ ಸೇರಿಸಿ, ಮುಂದೆ ಸಿಂಹಗಡ ಎಂದು ಬರೆಯಿರಿ. ಸಂಪರ್ಕವನ್ನೇ ಮಾಡದೆ ಎಲ್ಲ ಆಯ್ಕೆಗಳ ಅಂತಿಮ ಮೌಲ್ಯವನ್ನು ಅದು ಮುದ್ರಿಸುತ್ತದೆ. ಕಾನ್ಫಿಗ್ ತಿದ್ದಿದರೂ ಬದಲಾವಣೆ ಕಾಣುತ್ತಿಲ್ಲ ಎಂಬ ದೂರಿಗೆ ಕಾರಣ ಸರಳ: ಮಾಸ್ಟರ್ ಹಳೆಯ ಕಾನ್ಫಿಗ್‌ನಿಂದ ಹುಟ್ಟಿದ್ದು, ಅದು ಸಾಯುವ ತನಕ ಹೊಸ ಆಯ್ಕೆಗಳು ಬರುವುದಿಲ್ಲ.

ತಳದಿಂದ ಮೇಲಕ್ಕೆ: ಪರೀಕ್ಷೆಯ ಕ್ರಮ

ಎಡಿಟರ್ ನಿಂತುಹೋದಾಗ ಅದನ್ನು ಹಾಗೆಯೇ ಬಿಟ್ಟು ಬೇರೊಂದು ಟರ್ಮಿನಲ್ ತೆರೆಯಿರಿ. ಈಮ್ಯಾಕ್ಸ್ ಮತ್ತು ವಿಮ್‌ಗಳಲ್ಲಿ ನೀವು ತಿದ್ದಿದ ಪಠ್ಯ ನಿಮ್ಮ ಯಂತ್ರದಲ್ಲೇ ಇರುತ್ತದೆ, ಸಂಪರ್ಕ ಕಡಿದರೆ ಅದು ಹೋಗುವುದಿಲ್ಲ. ಗಾಬರಿಯಿಂದ ಎಡಿಟರನ್ನೇ ಕೊಂದರೆ ಮಾತ್ರ ಹೋದೀತು.

ಮೊದಲು ಹಂಚಿಕೆಯನ್ನು ಬದಿಗಿಟ್ಟು ಸರ್ವರನ್ನು ನೇರವಾಗಿ ಮುಟ್ಟಿ ನೋಡಬೇಕು. ಎಸ್‌ಎಸ್‌ಎಚ್, ಹೈಫನ್ ದೊಡ್ಡಕ್ಷರದ ಎಸ್, ನನ್ (ಯಾವುದೂ ಇಲ್ಲ ಎಂಬರ್ಥದ ಇಂಗ್ಲಿಷ್ ಪದ), ಸಿಂಹಗಡ, ಈ ಕ್ರಮದಲ್ಲಿ ಬರೆದರೆ ಸಾಕೆಟ್ಟನ್ನು ಕಡೆಗಣಿಸಿ ಹೊಚ್ಚಹೊಸ ಸಂಪರ್ಕ ಆಗುತ್ತದೆ. ಇದೇ ಆಗದಿದ್ದರೆ ತೊಂದರೆ ವೈಫೈ, ವಿಪಿಎನ್, ಸರ್ವರ್ ಇವುಗಳಲ್ಲಿ ಎಲ್ಲೋ ಇದೆ; ಸಾಕೆಟ್ಟಿಗೂ ಎಡಿಟರಿಗೂ ಅದರಲ್ಲಿ ಪಾತ್ರವಿಲ್ಲ.

ಇದು ಆದರೆ ಎರಡನೆಯ ಹೆಜ್ಜೆ: ಎಸ್‌ಎಸ್‌ಎಚ್, ಹೈಫನ್ ದೊಡ್ಡಕ್ಷರದ ಓ, ಚೆಕ್, ಸಿಂಹಗಡ. ಮಾಸ್ಟರ್ ಇದ್ದರೆ ಮಾಸ್ಟರ್ ರನ್ನಿಂಗ್ ಎಂದು ಅದರ ಪ್ರೊಸೆಸ್ ಸಂಖ್ಯೆಯೊಡನೆ ಉತ್ತರ ಬರುತ್ತದೆ. ಈ ಉತ್ತರವನ್ನು ಅತಿಯಾಗಿ ನಂಬಬಾರದು. ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಮಾಸ್ಟರ್ ಪ್ರೊಸೆಸ್ ಮಾತನಾಡಿತು ಎಂದಷ್ಟೇ ಇದು ಹೇಳುತ್ತದೆ. ಸರ್ವರಿನವರೆಗೆ ಒಂದು ಬೈಟ್ ಕೂಡ ಹೋಗಿರುವುದಿಲ್ಲ.

ಆದ್ದರಿಂದ ಮೂರನೆಯ ಹೆಜ್ಜೆ ಬೇಕೇ ಬೇಕು. ಸಾಕೆಟ್ ಮೂಲಕವೇ ಒಂದು ಸಣ್ಣ ಆಜ್ಞೆಯನ್ನು, ಉದಾಹರಣೆಗೆ ಎಸ್‌ಎಸ್‌ಎಚ್ ಸಿಂಹಗಡ ಹೋಸ್ಟ್‌ನೇಮ್ ಎಂದು, ಕಳುಹಿಸಿ. ನೇರ ಸಂಪರ್ಕ ತಕ್ಷಣ ಆಗಿ ಇದು ಮಾತ್ರ ಉತ್ತರಿಸದೆ ನಿಂತರೆ ಮಾಸ್ಟರ್ ಅರೆಜೀವವಾಗಿದೆ ಎಂದು ಖಚಿತವಾಗುತ್ತದೆ. ಇದೂ ಸರಿಯಾಗಿ ಉತ್ತರಿಸಿದರೆ ಮಾತ್ರ ಎಡಿಟರಿನ ಕಡೆ ತಿರುಗಿ.

ಅರೆಜೀವದ ಮಾಸ್ಟರ್

ಇದೇ ಅತಿ ಸಾಮಾನ್ಯವಾದ ತೊಂದರೆ. ಪುಣೆಯಿಂದ ಮುಂಬೈಗೆ ರೈಲಿನಲ್ಲಿ ಹೋಗುತ್ತ ಕೆಲಸ ಮಾಡುವವರು ಇದನ್ನು ಲೋಣಾವಳ ದಾಟಿ ಕರ್ಜತ್ ಕಡೆ ಘಾಟ್ ಇಳಿಯುವಾಗಲೆಲ್ಲ ಅನುಭವಿಸುತ್ತಾರೆ: ಸುರಂಗಗಳ ಸಾಲಿನಲ್ಲಿ ಮೊಬೈಲ್ ನೆಟ್‌ವರ್ಕ್ ಹೋಗಿ ಬರುತ್ತದೆ, ಬಂದಾಗ ಫೋನಿನ ಐಪಿ ವಿಳಾಸ ಬದಲಾಗಿರಬಹುದು, ಹಳೆಯ ಟಿಸಿಪಿ ಸಂಪರ್ಕಕ್ಕೆ ದಾರಿಯೇ ಉಳಿದಿರುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ಕಚೇರಿಯಿಂದ ಮನೆಗೆ ಬಂದು ತೆರೆದಾಗಲೂ, ವಿಪಿಎನ್ ಕಡಿದು ಮತ್ತೆ ಸೇರಿದಾಗಲೂ ಆಗುವುದು ಇದೇ. ಸಂಪರ್ಕ ಮುಗಿಯಿತು ಎಂದು ಯಾರೂ ಹೇಳದೆ ಇರುವುದರಿಂದ ಮಾಸ್ಟರ್ ಇನ್ನೂ ಇದೆ ಎಂದೇ ತಿಳಿದು ಕೂತಿರುತ್ತದೆ, ಹೊಸ ಸೆಷನ್‌ಗಳ ಮನವಿಗಳನ್ನು ಸ್ವೀಕರಿಸುತ್ತಲೂ ಇರುತ್ತದೆ.

ಹಾಗಾದರೆ ಅದಕ್ಕೆ ತಿಳಿಯುವುದು ಯಾವಾಗ? ಲಿನಕ್ಸ್‌ನಲ್ಲಿ, ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಟಿಸಿಪಿ ಕೀಪ್‌ಅಲೈವ್ ಮೊದಲ ಪರೀಕ್ಷೆಯನ್ನು ಕಳುಹಿಸುವುದು ಸಾಮಾನ್ಯ ಹೊಂದಾಣಿಕೆಯಲ್ಲಿ 7200 ಸೆಕೆಂಡುಗಳ ನಂತರ, ಅಂದರೆ ಎರಡು ಗಂಟೆ ಸುಮ್ಮನಿದ್ದ ಮೇಲೆ. ನೀವು ಉಳಿಸಲು ಹೋಗಿ ದತ್ತಾಂಶ ಹೊರಟಿದ್ದರೆ, ಕರ್ನಲ್ ಅದನ್ನು ಮತ್ತೆ ಮತ್ತೆ ಕಳುಹಿಸಿ ಸೋತು ಕೈಬಿಡಲು ಸುಮಾರು ಹದಿನೈದು ನಿಮಿಷ ಬೇಕು. ಎಡಿಟರ್ ಕಾಲು ಗಂಟೆ ನಿಂತು ಆಮೇಲೆ ತಾನಾಗಿಯೇ ದೋಷ ತೋರಿಸಿತು ಎನ್ನುವವರ ಅನುಭವಕ್ಕೆ ವಿವರಣೆ ಇಲ್ಲಿದೆ.

ತಕ್ಷಣದ ಪರಿಹಾರವೆಂದರೆ ಹೈಫನ್ ದೊಡ್ಡಕ್ಷರದ ಓ ಆಯ್ಕೆಗೆ ಚೆಕ್ ಬದಲು ಎಕ್ಸಿಟ್ ಕೊಟ್ಟು ಮಾಸ್ಟರನ್ನು ಮುಗಿಸುವುದು. ಅದಕ್ಕೂ ಬಗ್ಗದಿದ್ದರೆ ಚೆಕ್ ಆಜ್ಞೆ ಕೊಟ್ಟ ಪ್ರೊಸೆಸ್ ಸಂಖ್ಯೆಗೆ ಕಿಲ್ ಕಳುಹಿಸಿ. ಎಕ್ಸಿಟ್ ಬದಲು ಸ್ಟಾಪ್ ಎಂದರೆ ಮಾಸ್ಟರ್ ಹೊಸ ಮನವಿಗಳನ್ನು ಮಾತ್ರ ನಿರಾಕರಿಸುತ್ತದೆ, ನಡೆಯುತ್ತಿರುವ ಸೆಷನ್‌ಗಳು ಮುಂದುವರಿಯುತ್ತವೆ. ಒಂದು ಟರ್ಮಿನಲ್ಲಿನಲ್ಲಿ ದೀರ್ಘವಾದ ಕೆಲಸ ಓಡುತ್ತಿದ್ದು ಎಡಿಟರಿಗೆ ಹೊಸ ಮಾಸ್ಟರ್ ಬೇಕಾದಾಗ ಇದು ಉಪಯುಕ್ತ.

ಶಾಶ್ವತ ಪರಿಹಾರ ಕಾನ್ಫಿಗ್‌ನಲ್ಲಿದೆ. ಸರ್ವರ್ ಉತ್ತರಿಸುತ್ತಿದೆಯೇ ಎಂದು ಎಷ್ಟು ಸೆಕೆಂಡಿಗೊಮ್ಮೆ ಪರೀಕ್ಷಿಸಬೇಕೆಂದು ಹೇಳುವ ಸರ್ವರ್‌ಅಲೈವ್‌ಇಂಟರ್ವಲ್ ಎಂಬುದರ ಮೂಲ ಮೌಲ್ಯ ಸೊನ್ನೆ, ಅಂದರೆ ಆ ಪರೀಕ್ಷೆಯೇ ನಡೆಯುವುದಿಲ್ಲ. ಅದನ್ನು 15 ಮಾಡಿ. ಉತ್ತರ ಬಾರದ ಎಷ್ಟು ಪರೀಕ್ಷೆಗಳವರೆಗೆ ಕಾಯಬೇಕೆಂದು ಹೇಳುವ ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ ಹೇಗೂ 3 ಇರುತ್ತದೆ. ಆಗ ಉತ್ತರ ಬಾರದ ಸಂಪರ್ಕವನ್ನು ಮಾಸ್ಟರ್ ಸುಮಾರು 45 ಸೆಕೆಂಡುಗಳಲ್ಲಿ ತಾನೇ ಕಡಿದುಕೊಂಡು ಸಾಯುತ್ತದೆ, ಮುಂದಿನ ಆಜ್ಞೆ ಹೊಸ ಮಾಸ್ಟರನ್ನು ಎಬ್ಬಿಸುತ್ತದೆ. ಸುಮ್ಮನಿರುವ ಸಂಪರ್ಕಗಳನ್ನು ಕಚೇರಿಯ ಫೈರ್‌ವಾಲ್ ಮರೆತುಬಿಡುವುದನ್ನೂ ಇದು ತಡೆಯುತ್ತದೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಾಲನ್ನು ಅಳವಡಿಸಿಕೊಳ್ಳುವುದಾದರೆ ಈ ಸಾಲನ್ನು ಅಳವಡಿಸಿಕೊಳ್ಳಿ.

ಸಾಕೆಟ್ಟಿನ ಹಾದಿ

ಯುನಿಕ್ಸ್ ಸಾಕೆಟ್ಟಿನ ಹಾದಿಗೆ ಉದ್ದದ ಮಿತಿಯಿದೆ: ಲಿನಕ್ಸ್‌ನಲ್ಲಿ 108 ಬೈಟ್, ಮ್ಯಾಕ್‌ನಲ್ಲಿ 104. ಸಾಲದ್ದಕ್ಕೆ ಎಸ್‌ಎಸ್‌ಎಚ್ ಮೊದಲು ಹಾದಿಯ ಕೊನೆಗೆ ಚುಕ್ಕಿ ಮತ್ತು ಹದಿನಾರು ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿ ತಾತ್ಕಾಲಿಕ ಸಾಕೆಟ್ ಮಾಡುವುದರಿಂದ ಕೈಗೆ ಸಿಗುವ ಉದ್ದ ಇನ್ನೂ ಕಡಿಮೆ. ಕ್ಲೌಡ್ ಸರ್ವರುಗಳ ಉದ್ದುದ್ದ ಹೆಸರುಗಳನ್ನು ಹಾದಿಯಲ್ಲಿ ಸೇರಿಸಿದಾಗ, ಹಾದಿ ತೀರಾ ಉದ್ದವಾಯಿತು ಎಂಬ ಸಂದೇಶ ಬರುತ್ತದೆ. ಪರಿಹಾರ, ಕಂಟ್ರೋಲ್‌ಪಾತ್‌ನಲ್ಲಿ ಶೇಕಡಾ ಚಿಹ್ನೆ ಮತ್ತು ದೊಡ್ಡಕ್ಷರದ ಸಿ ಬಳಸುವುದು. ನಿಮ್ಮ ಯಂತ್ರದ ಹೆಸರು, ಸರ್ವರ್, ಪೋರ್ಟ್, ಬಳಕೆದಾರ ಇವೆಲ್ಲವನ್ನೂ ಸೇರಿಸಿ ಅದು ನಲವತ್ತು ಅಕ್ಷರಗಳ ಹ್ಯಾಶ್ (ಸಂಕ್ಷಿಪ್ತ ಗುರುತು) ಮಾಡುತ್ತದೆ; ಹೆಸರು ಎಷ್ಟೇ ಉದ್ದವಿದ್ದರೂ ಹ್ಯಾಶ್ ಅಷ್ಟೇ ಇರುತ್ತದೆ.

ಹಾದಿ ತೋರಿಸುವ ಡೈರೆಕ್ಟರಿಯನ್ನು ಎಸ್‌ಎಸ್‌ಎಚ್ ತಾನಾಗಿ ಸೃಷ್ಟಿಸುವುದಿಲ್ಲ. ನೀವೇ ಮಾಡಿ, ಅನುಮತಿಯನ್ನು 700 (ನಿಮಗೆ ಮಾತ್ರ ಪ್ರವೇಶ) ಎಂದಿಡಿ. ಹಲವರು ಬಳಸುವ ಯಂತ್ರದಲ್ಲಿ ಎಲ್ಲರಿಗೂ ತೆರೆದ ಟಿಎಂಪಿ ಡೈರೆಕ್ಟರಿಯಲ್ಲಿ ಸಾಕೆಟ್ ಇಡಬೇಡಿ, ಏಕೆಂದರೆ ಸಾಕೆಟ್ ಕೈಗೆ ಸಿಕ್ಕವರಿಗೆ ಓಟಿಪಿ ಇಲ್ಲದೆ ನಿಮ್ಮ ಸರ್ವರ್ ಸಿಕ್ಕಂತೆಯೇ.

ತಪ್ಪು ಜಾಗಕ್ಕೆ ಹೋಗುವ ಫೈಲ್

ಸಂಪರ್ಕ ನಿಂತುಹೋದರೆ ಕನಿಷ್ಠ ಗೊತ್ತಾಗುತ್ತದೆ. ಅದು ಸರಾಗವಾಗಿ ನಡೆಯುತ್ತಲೇ ನಿಮ್ಮನ್ನು ಬೇರೆ ಕಡೆಗೆ ಕರೆದೊಯ್ದರೆ ಗೊತ್ತಾಗುವುದಿಲ್ಲ, ಹಾಗಾಗಿ ಈ ವರ್ಗದ ದೋಷಗಳೇ ಹೆಚ್ಚು ಅಪಾಯಕಾರಿ.

ಕಂಟ್ರೋಲ್‌ಪಾತ್‌ನಲ್ಲಿ ಹೋಸ್ಟ್ ಹೆಸರು ಮಾತ್ರ ಇದ್ದು ಬಳಕೆದಾರನ ಹೆಸರು ಇಲ್ಲದಿದ್ದರೆ, ಡಿಪ್ಲಾಯ್ (ತಂತ್ರಾಂಶವನ್ನು ಸರ್ವರಿಗೆ ಏರಿಸಲು ಬಳಸುವ) ಖಾತೆಯಿಂದ ತೆರೆದ ಮಾಸ್ಟರನ್ನೇ ನಿಮ್ಮ ಸ್ವಂತ ಖಾತೆಯ ಆಜ್ಞೆಯೂ ಬಳಸುತ್ತದೆ. ನಿಮ್ಮ ಹೆಸರಿನಲ್ಲಿ ಉಳಿಸಿದೆವೆಂದುಕೊಂಡ ಫೈಲ್ ಡಿಪ್ಲಾಯ್ ಹೆಸರಿನಲ್ಲಿ ಉಳಿದಿರುತ್ತದೆ. ಹೋಸ್ಟ್, ಪೋರ್ಟ್, ಬಳಕೆದಾರ ಈ ಮೂರೂ ಹಾದಿಯಲ್ಲಿರಲೇಬೇಕು. ಮೇಲೆ ಹೇಳಿದ ಹ್ಯಾಶ್ ಇದನ್ನೂ ನೋಡಿಕೊಳ್ಳುತ್ತದೆ.

ಇನ್ನೊಂದು, ಸರ್ವರ್ ಬದಲಾದಾಗ ಆಗುವಂಥದ್ದು. ಸಿಂಹಗಡ ಎಂಬ ಹೆಸರನ್ನು ಡಿಎನ್‌ಎಸ್‌ನಲ್ಲಿ (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆಯಲ್ಲಿ) ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ತಿರುಗಿಸಿದರೂ, ನಿಮ್ಮ ಮಾಸ್ಟರ್ ಹಳೆಯ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಹೊಸ ಸೆಷನ್ ಡಿಎನ್‌ಎಸ್‌ನ್ನೂ ಸರ್ವರಿನ ಗುರುತಾದ ಹೋಸ್ಟ್ ಕೀಯನ್ನೂ ಮತ್ತೆ ನೋಡುವುದಿಲ್ಲ. ಸರ್ವರ್ ಬದಲಾವಣೆಯ ದಿನ ಎಲ್ಲರೂ ಮಾಸ್ಟರುಗಳನ್ನು ಮುಗಿಸಬೇಕೆಂದು ತಂಡಕ್ಕೆ ತಿಳಿಸುವುದನ್ನು ಕಾರ್ಯಪಟ್ಟಿಯಲ್ಲೇ ಸೇರಿಸಿ. ಇಡೀ ದಿನದ ಕಂಟ್ರೋಲ್‌ಪರ್ಸಿಸ್ಟನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಗುಂಪುಗಳ ವಿಷಯವೂ ಹೀಗೆಯೇ. ಅಡ್ಮಿನ್ ನಿಮ್ಮನ್ನು ಸರ್ವರಿನಲ್ಲಿ ಒಂದು ಹೊಸ ಗುಂಪಿಗೆ ಸೇರಿಸಿದರೂ ಫೈಲ್ ಬರೆಯಲು ಅನುಮತಿ ಸಿಗುತ್ತಿಲ್ಲವೆಂದರೆ, ಗುಂಪುಗಳ ಪಟ್ಟಿ ಮಾಸ್ಟರ್ ಲಾಗಿನ್ ಆದಾಗಿನದೇ ಉಳಿದಿದೆ ಎಂದು ಅರ್ಥ. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ಮಾಸ್ಟರನ್ನೇ ಮುಗಿಸಬೇಕು. ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಯಂತ್ರದ ಕೀಯನ್ನು ಸರ್ವರಿನಿಂದ ಬಳಸುವ ಸೌಲಭ್ಯ) ಕೂಡ ಮಾಸ್ಟರಿನದೇ: ಅದಿಲ್ಲದೆ ಹುಟ್ಟಿದ ಮಾಸ್ಟರಿನ ಮೂಲಕ ಹೋಗಿ ಸರ್ವರಿನಲ್ಲಿ ಗಿಟ್ ಪುಶ್ ಮಾಡಿದರೆ ಕೀ ಸಿಗುವುದಿಲ್ಲ.

ಸೆಷನ್‌ಗಳ ಮಿತಿ

ಸರ್ವರಿನ ಎಸ್‌ಎಸ್‌ಎಚ್‌ಡಿ (ಸಂಪರ್ಕಗಳನ್ನು ಸ್ವೀಕರಿಸುವ ಪ್ರೋಗ್ರಾಮ್) ಕಾನ್ಫಿಗ್‌ನಲ್ಲಿ ಮ್ಯಾಕ್ಸ್‌ಸೆಷನ್ಸ್ ಎಂಬ ಆಯ್ಕೆಯಿದೆ. ಒಂದು ಸಂಪರ್ಕದೊಳಗೆ ಎಷ್ಟು ಸೆಷನ್‌ಗಳಿರಬಹುದು ಎಂಬುದರ ಮಿತಿ ಅದು. ಮೂಲ ಮೌಲ್ಯ 10. ನಾಲ್ಕೈದು ಟರ್ಮಿನಲ್, ಎಡಿಟರಿನ ಕೆಲವು ಸೆಷನ್, ಒಂದೆರಡು ಫೈಲ್ ವರ್ಗಾವಣೆ ಸೇರಿದರೆ ಹತ್ತು ಬೇಗ ತುಂಬುತ್ತದೆ. ಹನ್ನೊಂದನೆಯದನ್ನು ಸರ್ವರ್ ನಿರಾಕರಿಸಿದಾಗ ಎಸ್‌ಎಸ್‌ಎಚ್ ಹಂಚಿಕೆಯನ್ನು ಬಿಟ್ಟು ಹೊಸ ಸಂಪರ್ಕಕ್ಕೆ ಯತ್ನಿಸುತ್ತದೆ. ಹೊಸ ಸಂಪರ್ಕ ಓಟಿಪಿ ಕೇಳುತ್ತದೆ. ಕೇಳುವುದು ಎಡಿಟರಿನ ಹಿನ್ನೆಲೆಯಲ್ಲಿ, ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಹತ್ತಾರು ಕಿಟಕಿ ತೆರೆದ ಮೇಲೆಯೇ ಎಡಿಟರ್ ನಿಲ್ಲುತ್ತದೆ ಎಂದಾದರೆ ಮೊದಲ ಅನುಮಾನ ಇದರ ಮೇಲಿರಲಿ.

ಮಿತಿಯನ್ನು ಏರಿಸಲು ಅಡ್ಮಿನ್ ಒಪ್ಪದಿದ್ದರೆ ಎಡಿಟರಿಗೆ ಪ್ರತ್ಯೇಕ ಮಾಸ್ಟರ್ ಕೊಡಬಹುದು. ಸಿಂಹಗಡ-ಎಡಿಟರ್ ಎಂಬ ಎರಡನೆಯ ಹೋಸ್ಟ್ ವಿಭಾಗ ಬರೆದು, ಅದಕ್ಕೂ ಅದೇ ಹೋಸ್ಟ್‌ನೇಮ್ ಕೊಡಿ. ಆದರೆ ಹ್ಯಾಶ್ ಲೆಕ್ಕ ಹಾಕುವುದು ಅಡ್ಡಹೆಸರಿನಿಂದಲ್ಲ, ನಿಜವಾದ ಹೋಸ್ಟ್‌ನೇಮ್‌ನಿಂದ. ಎರಡೂ ವಿಭಾಗಗಳಿಗೆ ಒಂದೇ ಕಂಟ್ರೋಲ್‌ಪಾತ್ ಇದ್ದರೆ ಎರಡೂ ಒಂದೇ ಸಾಕೆಟ್ಟಿಗೆ ಬಂದು ಸೇರುತ್ತವೆ. ಎಡಿಟರ್ ವಿಭಾಗದ ಹಾದಿಯ ಮೊದಲಿಗೆ ಬೇರೆ ಅಕ್ಷರಗಳನ್ನು ಸೇರಿಸಿ ಬೇರ್ಪಡಿಸಬೇಕು. ಮ್ಯಾಕ್ಸ್‌ಸೆಷನ್ಸ್ 1 ಎಂದು ಇಟ್ಟಿರುವ ಸರ್ವರುಗಳಲ್ಲಿ ಮಾತ್ರ ಹಂಚಿಕೆಯೇ ನಡೆಯುವುದಿಲ್ಲ.

ಈಗ ಎಡಿಟರಿನ ಸರದಿ

ಈಮ್ಯಾಕ್ಸ್‌ನಲ್ಲಿ ದೂರದ ಫೈಲ್ ತೆರೆಯುವ ಟ್ರ್ಯಾಂಪ್ ಬಳಸುವವರು ಮೊದಲು ತಿಳಿಯಬೇಕಾದದ್ದು, ಟ್ರ್ಯಾಂಪ್ ತನ್ನದೇ ಆದ ಕಂಟ್ರೋಲ್‌ಪಾತ್ ಆಯ್ಕೆಯನ್ನು ಎಸ್‌ಎಸ್‌ಎಚ್‌ಗೆ ಕೊಡುತ್ತದೆ. ಆಜ್ಞೆಯೊಡನೆ ಕೊಟ್ಟ ಆಯ್ಕೆ ಕಾನ್ಫಿಗ್ ಫೈಲಿಗಿಂತ ಮೇಲು. ಅಂದರೆ ನೀವು ಟರ್ಮಿನಲ್ಲಿನಲ್ಲಿ ಪರೀಕ್ಷಿಸಿದ ಮಾಸ್ಟರ್ ಒಂದು, ಟ್ರ್ಯಾಂಪ್ ಬಳಸುತ್ತಿರುವುದು ಇನ್ನೊಂದು. ಟರ್ಮಿನಲ್ಲಿನಲ್ಲಿ ಓಟಿಪಿ ಕೊಟ್ಟಾಗಿದ್ದರೂ ಟ್ರ್ಯಾಂಪ್ ಮತ್ತೆ ಕೇಳುವುದು ಇದರಿಂದಲೇ. ಟ್ರ್ಯಾಂಪ್-ಯೂಸ್-ಎಸ್‌ಎಸ್‌ಎಚ್-ಕಂಟ್ರೋಲ್‌ಮಾಸ್ಟರ್-ಆಪ್ಷನ್ಸ್ ಎಂಬ ಚರಕ್ಕೆ ನಿಲ್ ಮೌಲ್ಯ ಕೊಟ್ಟರೆ ಟ್ರ್ಯಾಂಪ್ ಸುಮ್ಮನೆ ನಿಮ್ಮ ಕಾನ್ಫಿಗ್ ಅನುಸರಿಸುತ್ತದೆ. ಈಮ್ಯಾಕ್ಸ್ 30ರಲ್ಲಿ ಇದೇ ಚರದ ಹೆಸರು ಟ್ರ್ಯಾಂಪ್-ಯೂಸ್-ಕನೆಕ್ಷನ್-ಶೇರ್. ಮಾಸ್ಟರನ್ನು ಮುಗಿಸಿದ ಮೇಲೆ ಟ್ರ್ಯಾಂಪ್-ಕ್ಲೀನಪ್-ದಿಸ್-ಕನೆಕ್ಷನ್ ಓಡಿಸಿ ಮತ್ತೆ ಉಳಿಸಿ.

ಮೂರೂ ಪರೀಕ್ಷೆಗಳು ಸರಿಯಿದ್ದೂ ಟ್ರ್ಯಾಂಪ್ ಕಾಯುತ್ತಲೇ ಇದ್ದರೆ, ಅದು ಸರ್ವರಿನ ಶೆಲ್ ಪ್ರಾಂಪ್ಟನ್ನು ಗುರುತಿಸಲಾರದೆ ನಿಂತಿರಬಹುದು. ಬಣ್ಣ, ಚಿಹ್ನೆ, ಗಿಟ್ ಶಾಖೆಯ ಹೆಸರು ತುಂಬಿದ ಪ್ರಾಂಪ್ಟುಗಳು ಅದನ್ನು ದಾರಿ ತಪ್ಪಿಸುತ್ತವೆ. ಟ್ರ್ಯಾಂಪ್ ತನ್ನ ಟರ್ಮಿನಲ್ಲಿನ ಬಗೆಯನ್ನು ಡಂಬ್ ಎಂದು ಹೇಳಿಕೊಳ್ಳುವುದರಿಂದ, ಸರ್ವರಿನ ಶೆಲ್ ಆರಂಭದ ಫೈಲಿನಲ್ಲಿ ಆ ಮೌಲ್ಯ ಕಂಡಾಗ ಡಾಲರ್ ಚಿಹ್ನೆ ಮತ್ತು ಒಂದು ಖಾಲಿ ಜಾಗದ ಸಾದಾ ಪ್ರಾಂಪ್ಟ್ ಇಟ್ಟು ಹಿಂದಿರುಗುವಂತೆ ಬರೆಯಿರಿ. ಅದೂ ಅಲ್ಲವಾದರೆ ಟ್ರ್ಯಾಂಪ್-ವರ್ಬೋಸ್ ಮೌಲ್ಯವನ್ನು 3ರಿಂದ 6ಕ್ಕೆ ಏರಿಸಿ. ಕಳುಹಿಸಿದ ಮತ್ತು ಬಂದ ಪ್ರತಿ ಸಾಲೂ ಡೀಬಗ್ ಬಫರಿನಲ್ಲಿ ಕಾಣುತ್ತದೆ.

ವಿಮ್‌ನಲ್ಲಿ ದೂರದ ಫೈಲ್ ತೆರೆಯುವ ನೆಟ್‌ಆರ್‌ಡಬ್ಲ್ಯು ಪ್ರತಿ ಸಲ ತೆರೆಯುವಾಗಲೂ ಉಳಿಸುವಾಗಲೂ ಹೊಸದಾಗಿ ಎಸ್‌ಸಿಪಿ (ಎಸ್‌ಎಸ್‌ಎಚ್ ಮೂಲಕ ಫೈಲ್ ನಕಲಿಸುವ ಆಜ್ಞೆ) ಓಡಿಸುವುದರಿಂದ ಹಂಚಿಕೆಯ ಲಾಭ ಅದಕ್ಕೇ ಹೆಚ್ಚು. ಹೋಸ್ಟ್ ಹೆಸರಿನ ನಂತರ ಎರಡು ಓರೆಗೆರೆ ಹಾಕಿದರೆ ರೂಟ್‌ನಿಂದ ಆರಂಭವಾಗುವ ಹಾದಿ, ಒಂದೇ ಹಾಕಿದರೆ ಹೋಮ್ ಡೈರೆಕ್ಟರಿಯಿಂದ. ಫೈಲ್ ಖಾಲಿಯಾಗಿ ತೆರೆದರೆ ಸಂಪರ್ಕವನ್ನು ದೂರುವ ಮೊದಲು ಇದನ್ನು ನೋಡಿ.

ವಿಎಸ್ ಕೋಡ್ ಸರ್ವರಿನಲ್ಲಿ ತನ್ನದೇ ಒಂದು ಪ್ರೋಗ್ರಾಮನ್ನು ಸ್ಥಾಪಿಸಿ ಅದರ ಮೂಲಕ ಕೆಲಸ ಮಾಡುತ್ತದೆ. ಹಾಗಾಗಿ ಗುಂಪಿನ ಬದಲಾವಣೆ ಜಾರಿಗೆ ಬರಬೇಕಾದರೆ ಮಾಸ್ಟರನ್ನಷ್ಟೇ ಅಲ್ಲ, ಕಮಾಂಡ್ ಪ್ಯಾಲೆಟ್‌ನ ಕಿಲ್ ವಿಎಸ್ ಕೋಡ್ ಸರ್ವರ್ ಆನ್ ಹೋಸ್ಟ್ ಬಳಸಿ ಆ ಪ್ರೋಗ್ರಾಮನ್ನೂ ನಿಲ್ಲಿಸಬೇಕು. ವಿಂಡೋಸ್ ಜೊತೆಗೆ ಬರುವ ಓಪನ್ಎಸ್‌ಎಸ್‌ಎಚ್‌ನಲ್ಲಿ ಕಂಟ್ರೋಲ್‌ಮಾಸ್ಟರ್ ಕೆಲಸ ಮಾಡುವುದಿಲ್ಲ; ಲಿನಕ್ಸಿನ ಕಾನ್ಫಿಗ್ ಅನ್ನು ಹಾಗೆಯೇ ಅಲ್ಲಿಗೆ ನಕಲು ಮಾಡಿದವರಿಗೆ ಸಂಪರ್ಕವೇ ಆಗದೆ ಹೋಗುತ್ತದೆ. ಆ ಮೂರು ಸಾಲುಗಳನ್ನು ತೆಗೆಯಿರಿ, ಹಂಚಿಕೆ ಬೇಕೇ ಬೇಕೆಂದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗಿನ ಎಸ್‌ಎಸ್‌ಎಚ್ ಬಳಸಿ.

ಇಷ್ಟೆಲ್ಲ ನೋಡಿದರೂ ಕಾರಣ ಸಿಗದಿದ್ದರೆ, ಮಾಸ್ಟರನ್ನು ಮುಗಿಸಿ, ಚಿಕ್ಕಕ್ಷರದ ಮೂರು ವಿ ಮತ್ತು ದೊಡ್ಡಕ್ಷರದ ಇ ಆಯ್ಕೆಗಳೊಡನೆ ಹೊಸ ಸಂಪರ್ಕ ತೆರೆದು ದಾಖಲೆಯನ್ನು ಒಂದು ಫೈಲಿಗೆ ಬರೆಸಿ. ಅಡ್ಮಿನ್‌ಗೆ ಬರೆಯುವಾಗ ಎಡಿಟರ್ ನಿಂತಿತು ಎಂದಷ್ಟೇ ಹೇಳದೆ, ಆ ದಾಖಲೆ, ದೊಡ್ಡಕ್ಷರದ ಜಿ ಕೊಟ್ಟ ಕಾನ್ಫಿಗ್, ಮೂರು ಪರೀಕ್ಷೆಗಳ ಫಲಿತಾಂಶ ಮತ್ತು ತೊಂದರೆ ಆದ ಗಂಟೆ-ನಿಮಿಷ ಇವನ್ನು ಸೇರಿಸಿ ಕಳುಹಿಸಿ. ಸಮಯ ತಿಳಿದಿದ್ದರೆ ಸರ್ವರಿನ ಲಾಗ್‌ನಲ್ಲಿ ಆ ಸಾಲನ್ನು ಅವರು ಹುಡುಕಿ ತೆಗೆಯಬಲ್ಲರು.